ಮೈಕಿಗೆ ಮಿದುಳಿಲ್ಲ

ತಮ್ಮ ದನಿಯನ್ನು ರೆಕಾರ್ಡಿಂಗಿನಲ್ಲಿ ಮೊದಲ ಸಲ ಕೇಳಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: ‘ಛೇ, ಇದು ನನ್ನ ದನಿ ಅಲ್ಲವೇ ಅಲ್ಲ!’ ಪಕ್ಕದಲ್ಲಿ ಕೂತ ಅಕ್ಕ ‘ನಿಂದೇ ಕಣೋ, ನೀನು ಮಾತಾಡೋದೇ ಹಿಂಗೆ’ ಅಂದರೂ ನಂಬಿಕೆ ಬರುವುದಿಲ್ಲ. ತಮಾಷೆಯೆಂದರೆ ಇಬ್ಬರ ಮಾತೂ ನಿಜ.

ಎರಡೂ ಕಿವಿಗೆ ಬೆರಳಿಟ್ಟು ಗಟ್ಟಿಯಾಗಿ ಮುಚ್ಚಿಕೊಳ್ಳಿ. ಬಾಯಿ ಮುಚ್ಚಿಕೊಂಡೇ ‘ಮ್ಮ್ಮ್’ ಎನ್ನಿ. ಕಿವಿ ಮುಚ್ಚಿದ್ದರೂ ಸದ್ದು ಕಡಿಮೆಯಾಗಲಿಲ್ಲ, ಇನ್ನೂ ದಪ್ಪಗೆ, ತಲೆ ತುಂಬ ಕೇಳಿಸಿತು, ಅಲ್ಲವೇ? ನಿಮ್ಮ ದನಿ ನಿಮ್ಮನ್ನು ತಲುಪುವುದು ಎರಡು ದಾರಿಯಲ್ಲಿ. ಒಂದು, ಬಾಯಿಂದ ಹೊರಟು ಗಾಳಿಯಲ್ಲಿ ಸುತ್ತಿ ಕಿವಿಗೆ ಬರುವ ದಾರಿ. ಇನ್ನೊಂದು, ಗಂಟಲಿನಿಂದ ನೇರವಾಗಿ ದವಡೆ, ತಲೆಬುರುಡೆಯ ಮೂಳೆಗಳ ಮೂಲಕ ಒಳಗಿವಿಗೆ ಹೋಗುವ ಒಳದಾರಿ. ಮೂಳೆಯ ದಾರಿಯಲ್ಲಿ ದಪ್ಪ ಸದ್ದುಗಳು ಚೆನ್ನಾಗಿ ಸಾಗುತ್ತವೆ. ಹಾಗಾಗಿ ನಿಮಗೆ ನಿಮ್ಮ ದನಿ ಯಾವಾಗಲೂ ತುಸು ಗಂಭೀರವಾಗಿಯೇ ಕೇಳಿಸುತ್ತದೆ. ಅಕ್ಕನಿಗೆ ಸಿಗುವುದು ಗಾಳಿಯಲ್ಲಿ ಬಂದದ್ದು ಮಾತ್ರ. ಫೋನಿಗೂ ಅಷ್ಟೇ. ರೆಕಾರ್ಡಿಂಗಿನಲ್ಲಿ ದನಿ ತೆಳ್ಳಗಾಯಿತು ಎಂದು ಕತೆ ಹೇಳುವುದನ್ನೇ ಬಿಟ್ಟುಬಿಡುವವರಿದ್ದಾರೆ, ಅದಕ್ಕೇ ಇದನ್ನು ಮೊದಲು ಹೇಳಿದೆ. ಲೋಕಕ್ಕೆಲ್ಲ ಗೊತ್ತಿರುವ ನಿಮ್ಮ ದನಿ ಅದೇ. ಗೊತ್ತಿಲ್ಲದೆ ಇದ್ದವರು ನೀವೊಬ್ಬರೇ.

ಈಗ ಒಂದು ಕತೆ ರೆಕಾರ್ಡ್ ಮಾಡೋಣ. ನಮ್ಮೆಲ್ಲರಿಗೂ ಗೊತ್ತಿರುವ ಪುಣ್ಯಕೋಟಿಯ ಕತೆಯೇ ಇರಲಿ. ಹಸು, ಕರು, ಹುಲಿ ಅರ್ಬುತ, ಗೊಲ್ಲ ಕಾಳಿಂಗ ಎಲ್ಲರಿಗೂ ಬೇರೆ ಬೇರೆ ದನಿ ಬೇಕು. ಮನೆಯ ಫೋನ್ ಸಾಕು. ಕೇಳುವವರು ಬೇರೆ ಊರಿನಲ್ಲಿರುವ ಅಜ್ಜಿ. ಅಜ್ಜಿಗೆ ನಿಮ್ಮ ಮುಖ, ಕೈಸನ್ನೆ, ಅಗಲವಾದ ಕಣ್ಣು ಯಾವುದೂ ಕಾಣುವುದಿಲ್ಲ. ಅವರಿಗೆ ತಲುಪುವುದು ಗಾಳಿಯ ನಡುಕ ಒಂದೇ.

ಆ ನಡುಕ ಹುಟ್ಟುವ ಜಾಗವನ್ನು ಬೆರಳಿನಿಂದಲೇ ಮುಟ್ಟಿ ನೋಡಬಹುದು. ಗಂಟಲಿನ ಮುಂಭಾಗದ ಮೇಲೆ ಬೆರಳಿಟ್ಟು ‘ಸ್ಸ್ಸ್’ ಎನ್ನಿ, ಏನೂ ಆಗುವುದಿಲ್ಲ. ‘ಆಆ’ ಎನ್ನಿ, ಬೆರಳಿಗೆ ಜುಮ್ಮೆನ್ನುತ್ತದೆ. ಅಲ್ಲಿ ಧ್ವನಿಪೆಟ್ಟಿಗೆಯೊಳಗೆ ಎರಡು ಪುಟ್ಟ ಮಡಿಕೆಗಳಿವೆ, ಧ್ವನಿತಂತುಗಳೆನ್ನುತ್ತೇವೆ. ಶ್ವಾಸಕೋಶದಿಂದ ಗಾಳಿ ಮೇಲೆ ಬಂದಾಗ ಅವು ಕೂಡಿ ಬಿಡಿಸಿಕೊಳ್ಳುತ್ತ ಅದುರುತ್ತವೆ. ಗಂಡಸರು ಮಾತಾಡುವಾಗ ಸೆಕೆಂಡಿಗೆ ಸುಮಾರು 100ರಿಂದ 120 ಸಲ, ಹೆಂಗಸರು ಮಾತಾಡುವಾಗ ಸುಮಾರು 200 ಸಲ. ನಿಮ್ಮ ತಂತುಗಳು ಇನ್ನೂ ಚಿಕ್ಕವು, ಅವು 250–300 ಸಲ ಅದುರಬಲ್ಲವು. ಸೆಕೆಂಡಿಗೆ ಎಷ್ಟು ಸಲ ಎಂಬುದನ್ನು ಹರ್ಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ‘ಅಮ್ಮಾ’ ಎಂದು ಒಮ್ಮೆ ಕರೆಯುವಷ್ಟರಲ್ಲಿ ನೂರಕ್ಕೂ ಹೆಚ್ಚು ಸಲ ಗಂಟಲು ಮುಚ್ಚಿ ತೆರೆದಾಗಿರುತ್ತದೆ.

ಗಾಳಿಯ ಈ ನಡುಕವನ್ನು ಹಿಡಿದಿಡುವ ಆಸೆ ಹಳೆಯದು. 1857ರಲ್ಲಿ ಫ್ರಾನ್ಸಿನ ಎದುವಾರ್-ಲಿಯೋನ್ ಸ್ಕಾಟ್ ಎಂಬುವರು ಒಂದು ಯಂತ್ರ ಮಾಡಿದರು. ದೀಪದ ಮಸಿ ಹಿಡಿಸಿದ ಕಾಗದದ ಮೇಲೆ ಒಂದು ಬಿರುಗೂದಲು, ದನಿಗೆ ತಕ್ಕಂತೆ ಅಲುಗಾಡುತ್ತ ಗೆರೆ ಎಳೆಯುತ್ತಿತ್ತು. ಗೆರೆಯನ್ನು ನೋಡಬಹುದಿತ್ತು, ಮತ್ತೆ ಕೇಳುವಂತಿರಲಿಲ್ಲ! 1860ರ ಅಂಥ ಒಂದು ಕಾಗದವನ್ನು 2008ರಲ್ಲಿ ಅಮೆರಿಕದ ಸಂಶೋಧಕರು ಕಂಪ್ಯೂಟರಿನಿಂದ ಓದಿಸಿದಾಗ ಒಂದು ಹಾಡಿನ ತುಣುಕು ಕೇಳಿಸಿತು. ಯಾರೋ ಹುಡುಗಿಯ ದನಿ ಎಂದುಕೊಂಡರು. ಆಮೇಲೆ ಲೆಕ್ಕ ಸರಿಮಾಡಿದಾಗ ಗೊತ್ತಾಯಿತು, ಅದನ್ನು ಎರಡು ಪಟ್ಟು ವೇಗದಲ್ಲಿ ಕೇಳಿಸಿಕೊಂಡಿದ್ದರು. ನಿಧಾನ ಮಾಡಿದರೆ ಅದು ಗಂಡಸಿನ ದನಿ, ಬಹುಶಃ ಸ್ಕಾಟ್ ಅವರದೇ. ವೇಗ ಎರಡು ಪಟ್ಟಾದರೆ ಸೆಕೆಂಡಿಗೆ 120 ಸಲ ಇದ್ದ ಅದುರಾಟ 240 ಆಗುತ್ತದೆ, ಗಂಡಸು ಹುಡುಗಿಯಾಗುತ್ತಾನೆ. ಫೋನಿನ ಆಪ್‌ಗಳಲ್ಲಿ ನಿಮ್ಮ ದನಿಯನ್ನು ಅಳಿಲಿನ ದನಿ ಮಾಡುವ ಆಟ ಇರುತ್ತದಲ್ಲ, ಅದರ ಗುಟ್ಟು ಕೂಡ ಹೆಚ್ಚುಕಡಿಮೆ ಇದೇ.

ದನಿಯನ್ನು ಹಿಡಿದು ಮತ್ತೆ ಕೇಳಿಸಿದವರು ಥಾಮಸ್ ಎಡಿಸನ್, 1877ರಲ್ಲಿ. ಉರುಳೆಗೆ ಸುತ್ತಿದ ತವರದ ತೆಳು ಹಾಳೆಯ ಮೇಲೆ ಸೂಜಿ ಗೀರುವಂತೆ ಮಾಡಿ, ಅವರು ಹೇಳಿದ್ದು ಒಂದು ಕುರಿಮರಿಯ ಬಗೆಗಿನ ಮಕ್ಕಳ ಪದ್ಯ. ದೊಡ್ಡವರ ಭಾಷಣಕ್ಕಿಂತ ಮೊದಲು ಯಂತ್ರದ ಬಾಯಿಂದ ಬಂದದ್ದು ಮಕ್ಕಳ ಪದ್ಯ ಎಂಬುದು ನನಗಂತೂ ಬಹಳ ಸಂತೋಷದ ವಿಷಯ.

ನಮ್ಮ ದೇಶದಲ್ಲಿ 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದರು. ಆಗ ಮೈಕು ಇರಲಿಲ್ಲ. ಗೋಡೆಗೆ ಜೋಡಿಸಿದ ಒಂದು ದೊಡ್ಡ ಕಹಳೆಯ ಬಾಯಿಯ ಹತ್ತಿರ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಆ ಸದ್ದಿನ ಬಲದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೀರು ಬೀಳಬೇಕು, ಪಿಸುಗುಟ್ಟಿದರೆ ಏನೂ ದಾಖಲಾಗುವುದಿಲ್ಲ. ಗಂಟೆಗಟ್ಟಲೆ ಹಾಡಬಲ್ಲ ರಾಗವನ್ನು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕು, ಗ್ರಾಮಫೋನ್ ತಟ್ಟೆಯಲ್ಲಿ ಅಷ್ಟೇ ಜಾಗ. ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಜಂಬವಲ್ಲ ಅದು. ಆ ಮೇಣದ ಅಚ್ಚುಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗುತ್ತಿದ್ದವು. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ! ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕರೆಯ ಮೇಲೆ ಮೈಸೂರಿಗೆ ಬಂದು ಆಸ್ಥಾನ ಸಂಗೀತಗಾರ್ತಿಯಾಗಿದ್ದರು. 1930ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ನೀವೂ ಕತೆಯ ಮೊದಲಿಗೆ ಹೆಸರು, ಊರು, ತಾರೀಖು ಹೇಳಿಬಿಡಿ. ಹತ್ತು ವರ್ಷದ ಮೇಲೆ ಫೈಲು ಸಿಕ್ಕಾಗ ಇದು ಯಾರ ದನಿ ಎಂದು ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

1925ರ ಹೊತ್ತಿಗೆ ವಿದ್ಯುತ್ತಿನ ಮೈಕು ರೆಕಾರ್ಡಿಂಗಿಗೆ ಬಂತು. ಕಿರುಚುವ ಕಷ್ಟ ತಪ್ಪಿತು, ಪಿಸುಮಾತೂ ಹಿಡಿಯುವಂತಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 1935ರಲ್ಲಿ, ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದ್ದರು. ಆ ಮನೆಯ ರೇಡಿಯೋಗೆ ಇಟ್ಟ ಹೆಸರು ಆಕಾಶವಾಣಿ.

ನಿಮ್ಮ ಫೋನಿನ ಕೆಳಗೆ, ಚಾರ್ಜರ್ ಚುಚ್ಚುವ ತೂತಿನ ಪಕ್ಕ, ಸೂಜಿಮೊನೆಯಷ್ಟು ಸಣ್ಣ ಇನ್ನೊಂದು ತೂತು ಇರುತ್ತದೆ. ಒಳಗಿರುವುದೇ ಮೈಕು. ಅಲ್ಲೊಂದು ತಲೆಗೂದಲಿಗಿಂತ ತೆಳುವಾದ ಸಿಲಿಕಾನ್ ಪೊರೆ, ಅದರ ಎದುರಿಗೆ ಅಲುಗಾಡದ ಇನ್ನೊಂದು ಹಾಳೆ. ಸದ್ದು ಬಂದಾಗ ಪೊರೆ ಅದುರುತ್ತದೆ, ಎರಡರ ನಡುವಿನ ಅಂತರ ಹೆಚ್ಚುಕಡಿಮೆಯಾಗುತ್ತದೆ, ಅದಕ್ಕೆ ತಕ್ಕಂತೆ ವಿದ್ಯುತ್ತೂ ಏರಿಳಿಯುತ್ತದೆ. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಕಂಡುಹಿಡಿದ ಅಗ್ಗದ, ಪುಟ್ಟ ಮೈಕುಗಳು ದಶಕಗಳ ಕಾಲ ಟೆಲಿಫೋನು, ಟೇಪ್‌ರೆಕಾರ್ಡರುಗಳಲ್ಲಿ ಮನೆಮನೆಗೆ ಬಂದವು. ಫೋನಿನೊಳಗಿನದು ಅವುಗಳಿಗಿಂತಲೂ ಚಿಕ್ಕದು. ರೆಕಾರ್ಡ್ ಮಾಡುವಾಗ ಆ ತೂತನ್ನು ಬೆರಳಿನಿಂದ ಮುಚ್ಚಬೇಡಿ. ಬಹಳ ಜನ ಮುಚ್ಚುತ್ತಾರೆ.

ನಿಮ್ಮ ಕಿವಿಯಲ್ಲೂ ತಮಟೆಯಂಥದೊಂದು ಪೊರೆ ಇದೆ, ಅದೂ ಅದುರುತ್ತದೆ. ಹಾಗಾದರೆ ಮೈಕೂ ಕಿವಿಯೂ ಒಂದೇ ಅಲ್ಲವೇ? ಅಲ್ಲ. ಕಿವಿಯ ಹಿಂದೆ ಮಿದುಳಿದೆ. ಈ ಸಾಲು ಓದುವಾಗ ನಿಮ್ಮ ಮನೆಯಲ್ಲಿ ಏನೇನು ಸದ್ದಿದೆ, ಒಂದು ನಿಮಿಷ ಕಣ್ಣುಮುಚ್ಚಿ ಎಣಿಸಿ. ಫ್ಯಾನು, ಫ್ರಿಜ್ಜಿನ ಗುಂಯ್, ಬೀದಿಯಲ್ಲಿ ತರಕಾರಿ ಗಾಡಿಯವರ ಕೂಗು, ಪಕ್ಕದ ಮನೆಯ ಕುಕ್ಕರು. ಈಗ ಎಣಿಸುವವರೆಗೆ ಇವು ಕೇಳಿಸುತ್ತಲೇ ಇರಲಿಲ್ಲ. ಕಿವಿಗೆ ಬಂದಿದ್ದವು, ಮಿದುಳು ‘ಇದು ಬೇಡ’ ಎಂದು ಬದಿಗೆ ಸರಿಸಿತ್ತು. ಮೈಕಿಗೆ ಬೇಕು ಬೇಡ ತಿಳಿಯದು. ಬಂದದ್ದನ್ನೆಲ್ಲ ಹಿಡಿಯುತ್ತದೆ. ರೆಕಾರ್ಡಿಂಗಿನ ಅರ್ಧ ವಿದ್ಯೆ ಇರುವುದು ಅದಕ್ಕೆ ಬೇಡದ್ದು ತಲುಪದಂತೆ ನೋಡಿಕೊಳ್ಳುವುದರಲ್ಲಿ.

ಫ್ಯಾನ್ ಆರಿಸಿ, ಕಿಟಕಿ ಹಾಕಿ, ಕುಕ್ಕರ್ ಕೂಗಿ ಮುಗಿಯಲಿ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ ಒಂದು ಸದ್ದಿದೆ, ಗೋಡೆಯಿಂದ ಮರಳಿ ಬರುವ ನಿಮ್ಮದೇ ದನಿ.

ವಿಜಯಪುರದ ಗೋಳಗುಮ್ಮಟಕ್ಕೆ ಹೋದವರು ಇದನ್ನು ಚೆನ್ನಾಗಿ ಬಲ್ಲರು. ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ಒಬ್ಬರು ಗೋಡೆಯ ಹತ್ತಿರ ಪಿಸುಗುಟ್ಟಿದರೆ ಎದುರು ದಿಕ್ಕಿನಲ್ಲಿ ನಿಂತವರಿಗೆ ಕೇಳಿಸುತ್ತದೆ, ಬಾಗಿದ ಗೋಡೆ ಸದ್ದನ್ನು ಚದುರಲು ಬಿಡದೆ ತನ್ನ ಉದ್ದಕ್ಕೂ ಸಾಗಿಸಿಕೊಂಡು ಹೋಗುತ್ತದೆ. ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರುದನಿ. ಇದಕ್ಕೊಂದು ಲೆಕ್ಕವಿದೆ. ಗುಮ್ಮಟದ ಒಳಗಿನ ಅಡ್ಡಗಲ ಸುಮಾರು 38 ಮೀಟರ್. ಸದ್ದು ಎದುರು ಗೋಡೆಗೆ ಹೋಗಿ ಮರಳಲು 76 ಮೀಟರ್ ಓಡಬೇಕು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಭಾಗಿಸಿದರೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟು ಬಿಡುವಿದ್ದರೆ ಮೊದಲಿನ ಸದ್ದು, ಮರಳಿದ ಸದ್ದು ಎರಡೂ ಬೇರೆ ಬೇರೆಯಾಗಿ ಕೇಳಿಸುತ್ತವೆ.

ನಿಮ್ಮ ಕೋಣೆ ನಾಲ್ಕು ಮೀಟರ್ ಇದ್ದೀತು. ಅಲ್ಲಿಯೂ ಮರುದನಿ ಇದೆ, ಆದರೆ ಸೆಕೆಂಡಿನ ನೂರನೇ ಒಂದೆರಡು ಭಾಗದಲ್ಲೇ ಬಂದುಬಿಡುತ್ತದೆ. ಎರಡು ಕಿವಿಗಳಿರುವುದರಿಂದ ಯಾವ ಸದ್ದು ಯಾವ ದಿಕ್ಕಿನಿಂದ ಬಂತೆಂದು ಮಿದುಳಿಗೆ ತಿಳಿಯುತ್ತದೆ, ಬಾಯಿಂದ ನೇರ ಬಂದದ್ದನ್ನು ಇಟ್ಟುಕೊಂಡು ಗೋಡೆಯಿಂದ ಬಂದದ್ದನ್ನು ಅದು ತಗ್ಗಿಸುತ್ತದೆ. ಒಂದೇ ಮೈಕಿನ ರೆಕಾರ್ಡಿಂಗಿನಲ್ಲಿ ದಿಕ್ಕು ಅಳಿಸಿಹೋಗಿರುತ್ತದೆ. ಆಮೇಲೆ ಕೇಳುವ ಅಜ್ಜಿಯ ಮಿದುಳಿಗೆ ಯಾವುದನ್ನು ತಗ್ಗಿಸಬೇಕೆಂದು ಗೊತ್ತಾಗುವುದು ಕಷ್ಟ. ಮೊಮ್ಮಗ ಬಚ್ಚಲಮನೆಯಲ್ಲಿ ನಿಂತು ಕತೆ ಹೇಳುತ್ತಿದ್ದಾನೆ ಅನ್ನಿಸುವುದು ಅದಕ್ಕೇ.

ಗೋಡೆಗೆ ಮೆತ್ತನೆಯದೇನಾದರೂ ಅಡ್ಡವಿಟ್ಟರೆ ಇದು ಕಡಿಮೆಯಾಗುತ್ತದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರೆದುರು ಕೂತುಕೊಳ್ಳಿ, ಬೆನ್ನ ಹಿಂದೆ ಹಗ್ಗದ ಮೇಲೆ ದಪ್ಪ ಕಂಬಳಿ ಹರಡಿ. ಬಟ್ಟೆಯ ಎಳೆಗಳ ನಡುವಿನ ಸಂದುಗಳಲ್ಲಿ ಗಾಳಿ ಹೋಗಿ ಬಂದು ಉಜ್ಜಾಡಿ, ಸದ್ದಿನ ಶಕ್ತಿ ಅತಿ ಸಣ್ಣ ಪ್ರಮಾಣದ ಬಿಸಿಯಾಗಿ ಕರಗುತ್ತದೆ. ಬಿಸಿ ಎಂದರೆ ಕಂಬಳಿ ಮುಟ್ಟಿದರೆ ಗೊತ್ತಾಗುವಷ್ಟಲ್ಲ! ದೊಡ್ಡ ಸ್ಟುಡಿಯೋಗಳ ಗೋಡೆಗೆ ಮೆತ್ತೆ ಹಚ್ಚುವುದೂ ಇದಕ್ಕಾಗಿಯೇ. ಹಣ ಕೊಟ್ಟು ಮೆತ್ತೆ ತರುವ ಮುನ್ನ ಮನೆಯ ರಜಾಯಿಗಳನ್ನು ಒಮ್ಮೆ ಎಣಿಸಿ ಎನ್ನುವವನು ನಾನು.

ಇನ್ನು ದೂರ. ಫೋನ್ ಬಾಯಿಂದ ಒಂದು ಗೇಣು ಇರಲಿ. ಎರಡು ಗೇಣಿಗೆ ಸರಿದರೆ ನೇರ ಬರುವ ದನಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಗೋಡೆಗಳಿಂದ ಬರುವ ಗದ್ದಲ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹಾಗಾದರೆ ತುಟಿಗೇ ಅಂಟಿಸಿಕೊಳ್ಳೋಣವೇ? ಅಂಟಿಸಿಕೊಂಡರೆ ‘ಪುಣ್ಯಕೋಟಿ’ ಎಂಬ ಹೆಸರೇ ಎಡವುತ್ತದೆ.

ಯಾಕೆಂದು ನೋಡಲು ಎರಡು ಬೆರಳಗಲದ ಉದ್ದ ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಇಳಿಬಿಡಿ. ‘ಮ’ ಎನ್ನಿ, ಪಟ್ಟಿ ಸುಮ್ಮನಿರುತ್ತದೆ. ‘ಪ’ ಎನ್ನಿ, ಅಲುಗುತ್ತದೆ. ‘ಫಲ’ ಎಂಬುದನ್ನು ತುಟಿ ಕೂಡಿಸಿ, ಮೇಷ್ಟ್ರು ಹೇಳಿಕೊಟ್ಟ ಹಾಗೆ ಮಹಾಪ್ರಾಣ ಒತ್ತಿ ಹೇಳಿ, ಪಟ್ಟಿ ಹಾರುತ್ತದೆ. ತುಟಿ ಮುಚ್ಚಿ ಒಳಗೆ ಒತ್ತಡ ಕೂಡಿಸಿ ಒಮ್ಮೆಲೇ ಬಿಟ್ಟಾಗ ಹೊರಬರುವುದು ಸದ್ದಷ್ಟೇ ಅಲ್ಲ, ಒಂದು ಹಿಡಿ ಗಾಳಿ. ಅದು ಮೈಕಿನ ಪೊರೆಗೆ ಬಡಿದರೆ ‘ಧಪ್’ ಎನ್ನುತ್ತದೆ. ಆದರೆ ಇಲ್ಲೊಂದು ಅನುಕೂಲವಿದೆ: ಸದ್ದು ಎಲ್ಲ ಕಡೆಗೂ ಹರಡುತ್ತದೆ, ಊದಿದ ಗಾಳಿ ನೇರ ಮುಂದಕ್ಕೆ ಹೋಗುತ್ತದೆ. ಫೋನನ್ನು ಬಾಯಿಯ ಎದುರಿನಿಂದ ಸ್ವಲ್ಪ ಕೆನ್ನೆಯ ಕಡೆಗೆ ಸರಿಸಿ. ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ, ಕತೆ ಮೈಕಿಗೆ ಸಿಗುತ್ತದೆ. ಕಸೂತಿ ಹಾಕುವ ರಿಂಗಿಗೆ ತೆಳು ಬಟ್ಟೆ ಬಿಗಿದು ನಡುವೆ ಹಿಡಿದರೂ ಆಯಿತು.

ಪಾತ್ರಗಳ ದನಿಗೆ ಬರೋಣ. ಒಂದೇ ವಾಕ್ಯವನ್ನು ಹಲ್ಲು ಕಾಣುವಂತೆ ನಗುತ್ತ ಹೇಳಿ, ಆಮೇಲೆ ತುಟಿ ಮುಂದೆ ಚಾಚಿ ಹೇಳಿ. ನಕ್ಕಾಗ ತುಟಿ ಹಿಂದೆ ಸರಿದು ಗಂಟಲಿನಿಂದ ಬಾಯಿಯವರೆಗಿನ ಕೊಳವೆ ಗಿಡ್ಡವಾಗುತ್ತದೆ, ದನಿ ತಿಳಿಯಾಗುತ್ತದೆ. ಚಾಚಿದಾಗ ಕೊಳವೆ ಉದ್ದವಾಗಿ ದನಿ ಮಬ್ಬಾಗಿ ದೊಡ್ಡದಾಗುತ್ತದೆ. ಗಿಡ್ಡ ಕೊಳವೆ ಇರುವುದು ಸಣ್ಣ ಪ್ರಾಣಿಗೆ, ಉದ್ದ ಕೊಳವೆ ದೊಡ್ಡ ಪ್ರಾಣಿಗೆ, ಈ ಲೆಕ್ಕ ಕೇಳುವವರ ಮಿದುಳಿಗೆ ಹೇಳದೆಯೇ ಗೊತ್ತು. ಕರುವಿಗೆ ನಗುಬಾಯಿ, ಹುಲಿಗೆ ಚಾಚಿದ ತುಟಿ. ಕಾಳಿಂಗನಿಗೆ ನಿಮ್ಮದೇ ದನಿ ಸಾಕು. ನಕ್ಕದ್ದು ಕಾಣದಿದ್ದರೂ ಕೇಳಿಸುತ್ತದೆ ಎನ್ನುವುದು ಸುಮ್ಮನೆ ಮಾತಿಗೆ ಹೇಳುವುದಲ್ಲ.

ಅರ್ಬುತನಿಗೆಂದು ಗಂಟಲು ಹರಿಯುವಂತೆ ಗರ್ಜಿಸಬೇಡಿ. ಹುಲಿಯ ಧ್ವನಿತಂತುಗಳು ನಮ್ಮವುಗಳ ಹಾಗಲ್ಲ. ಅಂಚು ಚಪ್ಪಟೆ, ಒಳಗೆ ಕೊಬ್ಬಿನ ಪದರ, ಸ್ವಲ್ಪ ಉಸಿರಿಗೇ ಭಾರಿ ಸದ್ದು. ನಮ್ಮ ತಂತುಗಳು ಗರ್ಜಿಸಿದರೆ ಬಾತುಕೊಂಡು ಮರುದಿನ ದನಿ ಕೂರುತ್ತದೆ. ನಿಧಾನವಾಗಿ, ತಗ್ಗಿ, ಮಾತಿನ ನಡುವೆ ಬಿಡುವು ಕೊಟ್ಟು ಹೇಳುವ ಹುಲಿ ಕಿರುಚುವ ಹುಲಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ನಡುನಡುವೆ ಒಂದು ಗುಟುಕು ಉಗುರುಬೆಚ್ಚಗಿನ ನೀರು ಕುಡಿಯಿರಿ. ಬಾಯಿ ಒಣಗಿದರೆ ನಾಲಿಗೆ ಅಂಗುಳಕ್ಕೆ ಅಂಟಿ ‘ಟಿಕ್ ಟಿಕ್’ ಎನ್ನುತ್ತದೆ, ಮೈಕು ಅದನ್ನೂ ಬಿಡುವುದಿಲ್ಲ.

ಹಿನ್ನೆಲೆಯ ಸದ್ದುಗಳಿಗೆ ಅಡುಗೆಮನೆ ಸಾಕು. ತೆಂಗಿನ ಎರಡು ಒಣ ಚಿಪ್ಪು ಬಡಿದರೆ ಗೊರಸಿನ ಸದ್ದು, ಮೊರದಲ್ಲಿ ಅಕ್ಕಿ ಜಾರಿಸಿದರೆ ಮಳೆ, ಒಣ ಎಲೆ ಹಿಸುಕಿದರೆ ಕಾಡಿನ ನಡಿಗೆ, ತೆಳು ತಗಡು ಅಲ್ಲಾಡಿಸಿದರೆ ಗುಡುಗು. ರೇಡಿಯೋ ನಾಟಕದವರ ಹಳೆಯ ಉಪಾಯಗಳಿವು. ಕಣ್ಣಿಲ್ಲದ ಕಡೆ ಕಿವಿಗೆ ಮೋಸ ಮಾಡುವುದು ಸುಲಭ.

ಫೋನಿನೊಳಗೆ ಈ ಸದ್ದೆಲ್ಲ ಸಂಖ್ಯೆಗಳಾಗಿ ಉಳಿಯುತ್ತದೆ. ಪೊರೆಯಿಂದ ಬಂದ ವಿದ್ಯುತ್ತು ಎಷ್ಟಿದೆ ಎಂದು ಫೋನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟುಕೊಳ್ಳುತ್ತದೆ, ಕೆಲವು ಕಡೆ 48,000 ಸಲ. ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಇಡುವುದು ಬರೀ ಚುಕ್ಕಿ, ಆದರೆ ಸಾಕಷ್ಟು ಹತ್ತಿರ ಹತ್ತಿರ ಇಟ್ಟಿದ್ದರೆ ಬಳ್ಳಿ ಹೇಗೆ ಹರಿಯಬೇಕೆಂಬುದು ಚುಕ್ಕಿಗಳಿಂದಲೇ ತಿಳಿಯುತ್ತದೆ. ಎಷ್ಟು ಹತ್ತಿರ? ಮನುಷ್ಯರ ಕಿವಿ ಸೆಕೆಂಡಿಗೆ ಸುಮಾರು 20,000 ಅದುರಾಟದವರೆಗೆ ಕೇಳಬಲ್ಲದು. ಪ್ರತಿ ಅದುರಾಟಕ್ಕೂ ಒಂದು ಏರು, ಒಂದು ಇಳಿ, ಎರಡನ್ನೂ ಹಿಡಿಯಲು ಚುಕ್ಕಿಗಳು 40,000ಕ್ಕಿಂತ ಹೆಚ್ಚಿರಬೇಕು. ಸೆಕೆಂಡಿಗೆ 8,000 ಚುಕ್ಕಿಯ ಟೆಲಿಫೋನುಗಳಲ್ಲಿ ‘ಎಸ್’ ಯಾವುದು ‘ಎಫ್’ ಯಾವುದು ತಿಳಿಯದೆ ಜನ ಒದ್ದಾಡುತ್ತಿದ್ದರು. ‘ಸ’ಕಾರದ ಸುಯ್ಯೆನ್ನುವ ಭಾಗ ಇರುವುದೇ ಅಲ್ಲಿಗೆ ಸಿಗದಷ್ಟು ಮೇಲೆ.

ಪ್ರತಿ ಚುಕ್ಕಿಯನ್ನೂ 65,536 ಮೆಟ್ಟಿಲಿನ ಏಣಿಯ ಮೇಲೆ ಯಾವುದೋ ಒಂದು ಮೆಟ್ಟಿಲಿನಲ್ಲಿ ಇಡಬೇಕು. ಗಟ್ಟಿ ಸದ್ದಿಗೆ ಮೇಲಿನ ಮೆಟ್ಟಿಲು. ಸದ್ದು ಅದಕ್ಕಿಂತಲೂ ಗಟ್ಟಿಯಾದರೆ? ಮೇಲೆ ಮೆಟ್ಟಿಲೇ ಇಲ್ಲ. ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ, ಕೇಳಿದರೆ ಕರಕರ ಎನ್ನುತ್ತದೆ. ಕತ್ತರಿಸಿಹೋದದ್ದನ್ನು ಆಮೇಲೆ ಪೂರ್ತಿ ಮರಳಿ ತರಲಾಗದು. ಕಾಳಿಂಗ ದನಗಳನ್ನು ಕೂಗಿ ಕರೆಯುವಾಗ ಮುಖವನ್ನು ಫೋನಿನಿಂದ ಎರಡು ಗೇಣು ಹಿಂದೆ ತನ್ನಿ. ಈ ಚುಕ್ಕಿಗಳೆಲ್ಲ ಸೇರಿ ಹತ್ತು ನಿಮಿಷದ ಕತೆ ಸುಮಾರು ಐದು ಕೋಟಿ ಮೂವತ್ತು ಲಕ್ಷ ಬೈಟ್ ಆಗುತ್ತದೆ. ಕಳಿಸುವಾಗ ಆಪ್‌ಗಳು ಕಿವಿ ಗಮನಿಸದ ಭಾಗಗಳನ್ನು ತೆಗೆದು ಇದನ್ನು ಬಹಳ ಕುಗ್ಗಿಸುತ್ತವೆ.

ಕತೆ ಮುಗಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಬೇಡಿ. ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದು ಖಾಲಿ ಕೋಣೆಯನ್ನೂ ರೆಕಾರ್ಡ್ ಮಾಡಿ. ತೊದಲಿದ ಕಡೆ, ಕೆಮ್ಮಿದ ಕಡೆ ಕತ್ತರಿಸಿದಾಗ ಅಲ್ಲಿ ಪೂರ್ಣ ನಿಶ್ಶಬ್ದ ಹಾಕಿದರೆ ಕೇಳುವವರಿಗೆ ಫೋನ್ ಕಟ್ಟಾಯಿತೇ ಅನ್ನಿಸುತ್ತದೆ, ಕೋಣೆಗೂ ಒಂದು ಸಣ್ಣ ಸದ್ದು ಇರುತ್ತದೆಯಲ್ಲ. ಆ ಜಾಗಕ್ಕೆ ಈ ಖಾಲಿ ಕೋಣೆಯ ತುಣುಕನ್ನು ತುಂಬಿಸಿ.

ಇಯರ್‌ಫೋನ್ ತೆಗೆದು, ಅಜ್ಜಿ ಕೇಳುವ ಹಾಗೆಯೇ ಫೋನಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ ನೋಡಿ. ಅಷ್ಟು ಪುಟ್ಟ ಸ್ಪೀಕರಿಗೆ ಸೆಕೆಂಡಿಗೆ ನೂರು, ನೂರಿಪ್ಪತ್ತು ಸಲದ ದಪ್ಪ ಅದುರಾಟವನ್ನು ಹೊರಡಿಸಲು ಶಕ್ತಿ ಸಾಲದು. ಹಾಗಿದ್ದರೂ ಅಪ್ಪ ಹುಲಿಯ ಪಾತ್ರ ಮಾಡಿದ್ದರೆ ಅದು ಗಂಡುಹುಲಿಯಾಗಿಯೇ ಕೇಳಿಸುತ್ತದೆ! ಗಂಟಲಿನಿಂದ ಬರುವುದು 120 ಹರ್ಟ್ಸ್ ಒಂದೇ ಅಲ್ಲ, ಅದರ ಜೊತೆಗೆ 240, 360, 480 ಹೀಗೆ ಅದರ ಮಗ್ಗಿಯೇ ಬರುತ್ತದೆ. ಮೇಲಿನವು ಸ್ಪೀಕರಿನಿಂದ ಹೊರಟು ಅಜ್ಜಿಯ ಕಿವಿಗೆ ಸೇರುತ್ತವೆ. ಅವುಗಳ ನಡುವಿನ ಅಂತರ 120 ಎಂಬುದನ್ನು ನೋಡಿ, ಬಾರದ ಮೊದಲನೆಯದನ್ನು ಅಜ್ಜಿಯ ಮಿದುಳು ತಾನೇ ಸೇರಿಸಿಕೊಳ್ಳುತ್ತದೆ. ತಗಡಿನ ಗುಡುಗಿಗೆ ಇಂಥ ಮಗ್ಗಿ ಇಲ್ಲ, ಅದರ ದಪ್ಪ ಭಾಗ ದಾರಿಯಲ್ಲೇ ಹೋಯಿತೆಂದರೆ ಹೋಯಿತು. ಸ್ಪೀಕರಿನಲ್ಲಿ ಅದು ಹಪ್ಪಳ ಮುರಿದ ಸದ್ದಾಗಿ ಕೇಳಿಸಿದರೆ, ಅದರ ಹಿಂದೆಯೇ ‘ಗುಡುಗಿತು’ ಎಂದು ಬಾಯಲ್ಲಿ ಹೇಳಿಬಿಡಿ.